ಹೊಸ ಕಾರಿನ ಹೊಳಪು ಮತ್ತು ಒರೆಸುವ ಬಟ್ಟೆ

ಎರಡು ವರ್ಷ ಓಡಿದ ಯಾವುದಾದರೂ ಕಪ್ಪು ಕಾರನ್ನು ರಾತ್ರಿ ಪೆಟ್ರೋಲ್ ಬಂಕಿನ ಲೈಟಿನ ಕೆಳಗೆ ಸ್ವಲ್ಪ ಓರೆಯಾಗಿ ನಿಂತು ನೋಡಿ. ಬಾನೆಟ್ ಮೇಲೆ ಬೆಳಕು ಬಿದ್ದ ಕಡೆ ಸುತ್ತು ಸುತ್ತಾಗಿ ನೂರಾರು ಸಣ್ಣ ಗೆರೆಗಳು ಕಾಣುತ್ತವೆ. ಅವು ಆಟೋ ಉಜ್ಜಿ ಆದ ಗೆರೆಗಳಲ್ಲ, ಬೈಕಿನ ಹ್ಯಾಂಡಲ್ ತಾಗಿ ಆದವೂ ಅಲ್ಲ. ದಿನಾ ಬೆಳಗ್ಗೆ ಯಾರೋ ಪ್ರೀತಿಯಿಂದ, ಶ್ರದ್ಧೆಯಿಂದ, ಧೂಳು ತುಂಬಿದ ಬಟ್ಟೆಯಲ್ಲಿ ಒರೆಸಿ ಮಾಡಿದ ಗೆರೆಗಳು. ಕಾರಿನ ಬಣ್ಣ ರಸ್ತೆಯಲ್ಲಿ ಕೆಡುವುದಕ್ಕಿಂತ ಜಾಸ್ತಿ ಮನೆಯ ಮುಂದೆಯೇ ಕೆಡುತ್ತದೆ.

ಹೊಸ ಕಾರು ತೆಗೆದುಕೊಳ್ಳುವವರು ನನ್ನನ್ನು ಮೊದಲು ಕೇಳುವುದು ಯಾವ ಕೋಟಿಂಗ್ ಹಾಕಿಸಬೇಕು ಅಂತ. ಸೆರಾಮಿಕ್ಕಾ, ಟೆಫ್ಲಾನಾ, ಪೇಂಟಿನ ಮೇಲೆ ಅಂಟಿಸುವ ಪಾರದರ್ಶಕ ಹಾಳೆ ಪಿಪಿಎಫ್‌ಆ? ನಾನು ಪ್ರತಿ ಸಲವೂ ಬೇರೆ ಪ್ರಶ್ನೆ ಕೇಳುತ್ತೇನೆ: ನಿಮ್ಮ ಕಾರನ್ನು ಯಾರು ಒರೆಸುತ್ತಾರೆ, ಯಾವ ಬಟ್ಟೆಯಲ್ಲಿ ಒರೆಸುತ್ತಾರೆ? ಇದಕ್ಕೆ ಉತ್ತರ ಸರಿ ಇದ್ದರೆ ಮಿಕ್ಕ ಕೆಲಸ ಮುಕ್ಕಾಲು ಪಾಲು ಮುಗಿದ ಹಾಗೆ.

ಬಣ್ಣ ಅಂದರೆ ಏನು ಅಂತ ಒಂದು ಸಲ ತಿಳಿದುಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಕಾರ್ಖಾನೆಯಲ್ಲಿ ಕಾರಿನ ಬಾಡಿಯನ್ನು ಮೊದಲು ಫಾಸ್ಫೇಟ್ ದ್ರಾವಣದಲ್ಲಿ ತೊಳೆದು, ಆಮೇಲೆ ದೊಡ್ಡ ತೊಟ್ಟಿಯಲ್ಲಿ ಪೂರ್ತಿ ಮುಳುಗಿಸಿ, ಕರೆಂಟ್ ಹಾಯಿಸಿ ಒಂದು ಪದರ ಅಂಟಿಸುತ್ತಾರೆ. ಇಡಿ ಕೋಟ್ ಅಂತಾರಲ್ಲ, ಅದು. ತುಕ್ಕು ತಡೆಯುವ ನಿಜವಾದ ಕೆಲಸ ಅದರದ್ದು. ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣದ ಬೇಸ್ ಕೋಟ್, ಕೊನೆಗೆ ಬಣ್ಣವೇ ಇಲ್ಲದ, ಪಾರದರ್ಶಕವಾದ ಕ್ಲಿಯರ್ ಕೋಟ್. ನಾವು ಹೊಳಪು ಅಂತ ನೋಡಿ ಖುಷಿಪಡುವುದು ಈ ಕೊನೆಯ ಪದರವನ್ನು. ಎಲ್ಲ ಪದರ ಸೇರಿದರೂ ದಪ್ಪ ಸುಮಾರು 100ರಿಂದ 140 ಮೈಕ್ರಾನ್ (ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ಒಂದು ಮೈಕ್ರಾನ್). ಅದರಲ್ಲಿ ಕ್ಲಿಯರ್ ಕೋಟ್ ಪಾಲು ಸುಮಾರು 35ರಿಂದ 50. ನಮ್ಮ ತಲೆಗೂದಲಿನ ದಪ್ಪ ಹೆಚ್ಚು ಕಡಿಮೆ 70 ಮೈಕ್ರಾನ್ ಇರುತ್ತದೆ. ಅಂದರೆ ಕಾರಿನ ಹೊಳಪೆಲ್ಲ ನಿಂತಿರುವುದು ಒಂದು ಕೂದಲಿಗಿಂತ ತೆಳುವಾದ ಪದರದ ಮೇಲೆ.

ಆ ಪದರವನ್ನು ಕಾರ್ಖಾನೆಯಲ್ಲಿ ಸುಮಾರು 140 ಡಿಗ್ರಿ ಶಾಖದಲ್ಲಿ ಬೇಯಿಸಿ ಗಟ್ಟಿ ಮಾಡಿರುತ್ತಾರೆ. ಆಗ ಕಾರಿನಲ್ಲಿ ಸೀಟಿಲ್ಲ, ವೈರಿಲ್ಲ, ರಬ್ಬರಿಲ್ಲ, ಬರೀ ತಗಡಿನ ಗೂಡು. ಪೂರ್ತಿ ತಯಾರಾದ ಕಾರನ್ನು ಅಷ್ಟು ಬಿಸಿ ಮಾಡಲು ಆಗುವುದಿಲ್ಲ. ಅದಕ್ಕೇ ಬಾಡಿ ಶಾಪಿನಲ್ಲಿ ಮತ್ತೆ ಪೇಂಟ್ ಮಾಡಿಸಿದರೆ 60-80 ಡಿಗ್ರಿಯ ಬೂತಿನಲ್ಲಿ ಒಣಗಿಸುತ್ತಾರೆ. ಒಳ್ಳೆಯ ಪೇಂಟರ್ ಬಣ್ಣವನ್ನು ಕಣ್ಣಿಗೆ ಗೊತ್ತಾಗದ ಹಾಗೆ ಹೊಂದಿಸಿಕೊಡುತ್ತಾರೆ, ಆ ಕೈಚಳಕದ ಬಗ್ಗೆ ನನಗೆ ತುಂಬಾ ಗೌರವವಿದೆ. ಆದರೂ ಕಾರ್ಖಾನೆಯ ಪೇಂಟ್ ಒಂದೇ ಸಲ ಸಿಗುವಂಥದ್ದು. ಪಾಲಿಶ್ ಮಾಡಿಸಿದಾಗಲೆಲ್ಲ ಆ ಗೆರೆಗಳು ಹೋಗುವುದು ಹೇಗೆ ಗೊತ್ತಾ? ಗೆರೆಯ ಆಳದವರೆಗೆ ಕ್ಲಿಯರ್ ಕೋಟನ್ನೇ ಸವೆಸಿಬಿಡುತ್ತಾರೆ. ಹೊಳಪು ಬರುತ್ತದೆ, ಪದರ ತೆಳುವಾಗುತ್ತದೆ. ಎರಡು ಮೂರು ಸಲ ಜೋರಾಗಿ ಕಾಂಪೌಂಡ್, ಅಂದರೆ ಉಜ್ಜಿ ಸವೆಸುವ ಪೇಸ್ಟ್, ಹೊಡೆದರೆ ಬಿಸಿಲಿಗೆ ಅದು ಬಿಳಿಚಿಕೊಂಡು ಸಿಪ್ಪೆ ಏಳುವುದಕ್ಕೆ ಶುರುವಾಗುತ್ತದೆ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕಾರು ಒರೆಸುವವರು ಬೆಳಕು ಹರಿಯುವ ಮೊದಲೇ ಬರುತ್ತಾರೆ. ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿಗೆ ಹೋದರೂ ಈ ದೃಶ್ಯ ಇದ್ದೇ ಇರುತ್ತದೆ, ಅಲ್ವಾ? ಒಂದು ಬಕೆಟ್, ಎರಡು ಬಟ್ಟೆ, ಸಾಲಾಗಿ ಕಾರುಗಳು. ಒಂದು ದಿನ ಬೇಸ್‌ಮೆಂಟಿನಲ್ಲಿ ಅವರ ಜೊತೆ ನಿಂತು ಮಾತಾಡಿದೆ.

"ಅಣ್ಣ, ಒಂದು ಬಕೆಟ್ ನೀರಲ್ಲಿ ಎಷ್ಟು ಗಾಡಿ ಒರೆಸ್ತೀರಾ?"

"ಐದಾರು ಆಗುತ್ತೆ ಸರ್. ಈ ಕಡೆಗೆಲ್ಲ ಒಂದೇ ನಲ್ಲಿ. ನೀರು ಬದಲಾಯಿಸೋಕೆ ಹೋಗಿ ಬರೋಷ್ಟರಲ್ಲಿ ಯಾರಾದ್ರೂ ಡ್ಯೂಟಿಗೆ ಹೊರಟುಬಿಡ್ತಾರೆ. ಗಾಡಿ ಒರೆಸಿಲ್ಲ ಅಂತ ಆಮೇಲೆ ಸೆಕ್ಯೂರಿಟಿ ಹತ್ರ ಕಂಪ್ಲೇಂಟು."

ಆ ಬಕೆಟ್ಟಿನ ತಳಕ್ಕೆ ಕೈ ಹಾಕಿ ನೋಡಿದೆ. ಬೆರಳಿಗೆ ನುಣ್ಣನೆಯ ಮರಳು ಸಿಕ್ಕಿತು. ಮೊದಲ ಕಾರಿನ ಚಕ್ರದಿಂದ ಬಂದ ಮಣ್ಣು ಐದನೇ ಕಾರಿನ ಬಾನೆಟ್ ಮೇಲೆ ಉಜ್ಜಿಕೊಳ್ಳುತ್ತಿತ್ತು. ಬಟ್ಟೆಯೂ ಅಷ್ಟೇ, ಹಳೆಯ ಬನಿಯನ್. ಮೆತ್ತಗಿದೆ ಅನಿಸುತ್ತದೆ, ಆದರೆ ಅದರ ನೇಯ್ಗೆ ಚಪ್ಪಟೆ. ಮರಳಿನ ಕಣ ಒಳಗೆ ಇಳಿಯಲು ಜಾಗವಿಲ್ಲ, ಮೇಲೆಯೇ ಉಳಿದು ಉಪ್ಪುಕಾಗದದ ಹಾಗೆ ಕೆಲಸ ಮಾಡುತ್ತದೆ. ನಮ್ಮ ಧೂಳಿನಲ್ಲಿ ಕ್ವಾರ್ಟ್ಜ್ ಅನ್ನುವ ಖನಿಜ ಇರುತ್ತದೆ. ಅದು ಕ್ಲಿಯರ್ ಕೋಟಿಗಿಂತ ಎಷ್ಟೋ ಗಟ್ಟಿ.

ಅವರದ್ದು ಇದರಲ್ಲಿ ಏನೂ ತಪ್ಪಿಲ್ಲ. ತಿಂಗಳಿಗೆ ಒಂದು ಕಾರಿಗೆ ಕೆಲವು ನೂರು ರೂಪಾಯಿ ಕೊಟ್ಟು, ನೀರು ಕೊಡದೆ, ಬಟ್ಟೆ ಕೊಡದೆ, ದಿನಾ ಫಳಫಳ ಅನ್ನಬೇಕು ಅಂತ ಕೇಳುವವರು ನಾವು. ನಾನು ಅವರ ಜೊತೆ ಒಂದು ಒಪ್ಪಂದ ಮಾಡಿಕೊಂಡೆ. ಸಂಬಳ ಅಷ್ಟೇ ಇರಲಿ, ವಾರದ ದಿನಗಳಲ್ಲಿ ಬಾಡಿ ಮುಟ್ಟುವುದು ಬೇಡ. ಗಾಜು, ಕನ್ನಡಿ, ದೀಪ, ನಂಬರ್ ಪ್ಲೇಟ್, ಅಷ್ಟೇ. ವಾರಕ್ಕೊಂದು ಸಲ ಸರಿಯಾಗಿ ತೊಳೆಯೋಣ, ಅದಕ್ಕೆ ಬೇಕಾದ ಬಟ್ಟೆ ಮತ್ತು ಶಾಂಪೂ ನಾನು ಕೊಡುತ್ತೇನೆ. ಮೊದಲು ಅವರಿಗೆ ನಂಬಿಕೆ ಬರಲಿಲ್ಲ. "ಧೂಳು ಹಾಗೇ ಇದ್ರೆ ಬೇರೆಯವರು ನನ್ನ ಬೈತಾರೆ ಸರ್, ಕೆಲಸ ಮಾಡಿಲ್ಲ ಅಂತ" ಅಂದರು. ಆ ಭಯ ಸುಳ್ಳಲ್ಲ. ಅಸೋಸಿಯೇಷನ್ ಗ್ರೂಪಿನಲ್ಲಿ ನಾನೇ ಬರೆದು ಹಾಕಿದ ಮೇಲೆ ಅವರಿಗೆ ನೆಮ್ಮದಿ ಆಯಿತು. ಈಗ ಅಕ್ಕಪಕ್ಕದ ಕೆಲವರೂ ಹೀಗೇ ಮಾಡಿಸುತ್ತಿದ್ದಾರೆ.

ಒಣ ಧೂಳು ಸುಮ್ನೆ ಕೂತಿದ್ದರೆ ಬಣ್ಣಕ್ಕೆ ಏನೂ ಮಾಡುವುದಿಲ್ಲ. ಅದನ್ನು ಎಳೆದಾಡಿದಾಗ ಮಾತ್ರ ಗೆರೆ ಬೀಳುತ್ತದೆ. ಹೊಸ ಕಾರಿನವರಿಗೆ ಇದನ್ನು ಒಪ್ಪಿಸುವುದೇ ಕಷ್ಟ. ಡ್ಯಾಶ್‌ಬೋರ್ಡಿನ ಕೆಳಗೆ ಉದ್ದ ಕೂದಲಿನ ಡಸ್ಟರ್ ಇಟ್ಟುಕೊಂಡು, ಸಿಗ್ನಲ್ಲಿನಲ್ಲೂ ಇಳಿದು ಬಾನೆಟ್ ಸವರುವವರನ್ನು ನೋಡಿದ್ದೇನೆ. ಆ ಡಸ್ಟರನ್ನು ಕಾರಿನಿಂದ ಹೊರಗೆ ಹಾಕುವುದೇ ಮೊದಲ ರಕ್ಷಣೆ.

ತೊಳೆಯುವ ದಿನ ಮೊದಲು ನೀರು ಹಾಯಿಸಿ ಮೇಲಿನ ಮಣ್ಣು ಜಾರಿಸಿಬಿಡಬೇಕು. ಎರಡು ಬಕೆಟ್ ಇರಲಿ, ಒಂದರಲ್ಲಿ ಕಾರಿನ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಒಂದು ಭಾಗ ಉಜ್ಜಿದ ಮೇಲೆ ಕೈಗವಸಿನಂಥ ಮಿಟ್ಟನ್ನು ಬರೀ ನೀರಿನಲ್ಲಿ ಹಿಂಡಿ, ಆಮೇಲೆ ಶಾಂಪೂಗೆ ಅದ್ದಬೇಕು. ಮೇಲಿನಿಂದ ಕೆಳಗೆ ಬರಬೇಕು. ಚಕ್ರಕ್ಕೆ ಬೇರೆಯದೇ ಬಟ್ಟೆ, ಅದು ಬಾಡಿಯ ಬಟ್ಟೆಯ ಜೊತೆ ಯಾವತ್ತೂ ಸೇರಬಾರದು. ನೆಲಕ್ಕೆ ಬಿದ್ದ ಬಟ್ಟೆಯನ್ನು ಝಾಡಿಸಿ ಮತ್ತೆ ಬಳಸಬಾರದು, ತೊಳೆಯಲೇಬೇಕು. ಬಟ್ಟೆ ಒಗೆಯುವ ಪುಡಿ, ಪಾತ್ರೆ ತೊಳೆಯುವ ಸೋಪು ಬೇಡ, ಅವು ಮೇಲಿನ ವ್ಯಾಕ್ಸನ್ನೂ ತೆಗೆದುಕೊಂಡು ಹೋಗುತ್ತವೆ. ಡೀಸೆಲ್ ಹಚ್ಚಿ ಒರೆಸುವ ಹಳೆಯ ಪದ್ಧತಿ ಇನ್ನೂ ಕೆಲವು ಕಡೆ ಇದೆ. ಎರಡು ದಿನ ಮಿಂಚುತ್ತದೆ, ಆಮೇಲೆ ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ, ರಬ್ಬರನ್ನೂ ಹಾಳು ಮಾಡುತ್ತದೆ.

ನೀರಿನ ವಿಷಯ ಬೆಂಗಳೂರಿನಲ್ಲಿ ಬೇರೆ ಥರ ಯೋಚಿಸಬೇಕಾದದ್ದು. 2024ರ ಮಾರ್ಚ್‌ನಲ್ಲಿ ಬೋರ್‌ವೆಲ್‌ಗಳು ಬತ್ತಿ ನಗರ ಒದ್ದಾಡಿದಾಗ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯಬಾರದು ಅಂತ ಆದೇಶ ಹೊರಡಿಸಿತು, ತಪ್ಪಿದರೆ 5,000 ರೂಪಾಯಿ ದಂಡ. ನನಗೆ ಅದು ಸರಿ ಅನಿಸಿತು. ನೂರು ಕಿಲೋಮೀಟರ್ ದೂರದ ಕಾವೇರಿಯನ್ನು ಪಂಪ್ ಮಾಡಿ ಎತ್ತರಕ್ಕೆ ಏರಿಸಿ ತಂದ ನೀರನ್ನು ಪೈಪ್ ಹಿಡಿದು ಚಕ್ರಕ್ಕೆ ಬಿಡುವುದು ಯಾವ ಕಾಲಕ್ಕೂ ಒಪ್ಪುವ ಮಾತಲ್ಲ. ಈಗ ರಿನ್ಸ್‌ಲೆಸ್ ವಾಶ್ ಅಂತ ದ್ರಾವಣ ಸಿಗುತ್ತದೆ. ಅರ್ಧ ಬಕೆಟ್ ನೀರಿಗೆ ಒಂದಿಷ್ಟು ಹಾಕಿ, ಹತ್ತಾರು ಮೈಕ್ರೋಫೈಬರ್ ಬಟ್ಟೆ ಅದರಲ್ಲಿ ನೆನೆಸಿ, ಒಂದೊಂದು ಭಾಗಕ್ಕೆ ಒಂದೊಂದು ಮಗ್ಗುಲು ಬಳಸಿ ಒರೆಸಿದರೆ ಆಯಿತು, ಆಮೇಲೆ ನೀರು ಹಾಯಿಸಬೇಕಿಲ್ಲ. ಕೆಸರು ಮೆತ್ತಿಕೊಂಡ ಕಾರಿಗೆ ಇದು ಸಾಲದು. ಬರೀ ಧೂಳಿನ ಕಾರಿಗೆ ಧಾರಾಳ ಸಾಕು.

ಬೋರ್ ನೀರಿಗೆ ಇನ್ನೊಂದು ತೊಂದರೆ ಇದೆ. ಅದು ಗಡಸು ನೀರು, ಕ್ಯಾಲ್ಸಿಯಂ ಮೆಗ್ನೀಸಿಯಂ ತುಂಬಿಕೊಂಡಿರುತ್ತದೆ. ಬಿಸಿಲಿನಲ್ಲಿ ತೊಳೆದು ಹಾಗೇ ಒಣಗಲು ಬಿಟ್ಟರೆ ಪ್ರತಿ ಹನಿಯೂ ಬಿಳಿ ಉಂಗುರವಾಗಿ ಕೂರುತ್ತದೆ. ಗೀಸರಿನ ಕಾಯಿಲಿಗೆ ಕಟ್ಟುವ ಬಿಳಿ ಹಕ್ಕಳೆಯೂ ಅದೇ ಪದಾರ್ಥ. ಹೊಸದರಲ್ಲಿ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಬಟ್ಟೆಯಲ್ಲಿ ಅದ್ದಿ ಸವರಿ ಕೂಡಲೇ ತೊಳೆದರೆ ಬಿಡುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಪಾಲಿಶ್ ಮೆಶಿನ್ನೇ ಬೇಕಾಗುತ್ತದೆ. ಅದಕ್ಕೇ ನೆರಳಿನಲ್ಲಿ ತೊಳೆಯಿರಿ, ಒದ್ದೆ ಇರುವಾಗಲೇ ದಪ್ಪ ಟವೆಲ್ಲಿನಲ್ಲಿ ನೀರು ಹೀರಿಸಿ.

ನೆರಳು ಅಂದ ತಕ್ಷಣ ಮರದ ವಿಷಯ ಬರುತ್ತದೆ. ನಮ್ಮೂರಿನ ರಸ್ತೆಗಳಲ್ಲಿ ಮರದ ನೆರಳು ಸಿಕ್ಕಿದರೆ ಸಾಕು ಅಂತ ನಿಲ್ಲಿಸುತ್ತೇವೆ. ಆದರೆ ಮರ ಯಾವುದು ಅಂತ ಒಂದು ಸಲ ತಲೆ ಎತ್ತಿ ನೋಡಿ. ಮಾವು ಹೂ ಬಿಡುವ ಕಾಲದಲ್ಲಿ ಅದಕ್ಕೆ ಜಿಗಿಹುಳು ಹತ್ತಿರುತ್ತದೆ. ಆ ಹುಳು ರಸ ಹೀರಿ ಸಿಹಿ ಅಂಟನ್ನು ಸಣ್ಣ ಹನಿಗಳಾಗಿ ಉದುರಿಸುತ್ತದೆ. ಕಾರಿನ ಮೇಲೆ ಅದು ಕೂತರೆ ಧೂಳೆಲ್ಲ ಅಂಟಿಕೊಂಡು, ಕಪ್ಪು ಬೂಷ್ಟು ಕೂಡ ಬೆಳೆಯುತ್ತದೆ. ನೇರಳೆ ಮರದ ಕೆಳಗೆ ಹಣ್ಣಿನ ಕಾಲದಲ್ಲಿ ನಿಲ್ಲಿಸಿದರೆ ಕೇಳುವುದೇ ಬೇಡ. ಹಣ್ಣು ಒಂದು ಕಡೆ, ಹಣ್ಣು ತಿಂದ ಹಕ್ಕಿ ಬಾವಲಿಗಳದ್ದು ಇನ್ನೊಂದು ಕಡೆ.

ಹಕ್ಕಿಯ ಹಿಕ್ಕೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅದರಲ್ಲಿರುವ ಆಮ್ಲದಿಂದ ಪೇಂಟ್ ಸುಡುತ್ತದೆ ಅಂತ ಹೇಳುವುದುಂಟು. ಅದಕ್ಕಿಂತ ಮುಖ್ಯ ಕಾರಣ ಬಿಸಿಲು. ಮಧ್ಯಾಹ್ನ ಬಾನೆಟ್ ಕಾದಾಗ ಕ್ಲಿಯರ್ ಕೋಟ್ ಸ್ವಲ್ಪ ಮೆತ್ತಗಾಗಿ ಹಿಗ್ಗುತ್ತದೆ. ಮೇಲೆ ಬಿದ್ದ ಹಿಕ್ಕೆ ಅಷ್ಟರಲ್ಲಿ ಒಣಗಿ ಗಟ್ಟಿಯಾಗುತ್ತದೆ. ಸಂಜೆ ತಣ್ಣಗಾದಾಗ ಪೇಂಟ್ ಕುಗ್ಗುತ್ತಾ ಆ ಗಟ್ಟಿ ಚೂರಿನ ಸುತ್ತ ಅದರದೇ ಆಕಾರಕ್ಕೆ ಒತ್ತಿಕೊಳ್ಳುತ್ತದೆ. ತೊಳೆದ ಮೇಲೂ ಅಲ್ಲಿ ಮಂಕಾದ ಗುರುತು ಉಳಿಯುವುದು ಇದಕ್ಕೇ. ಹಾಗಾಗಿ ಬಿದ್ದ ದಿನವೇ ತೆಗೆಯಬೇಕು, ಆದರೆ ಉಜ್ಜಿ ತೆಗೆಯಬಾರದು. ಒದ್ದೆ ಬಟ್ಟೆ ಅಥವಾ ಟಿಶ್ಯೂ ಅದರ ಮೇಲೆ ಹೊದಿಸಿ ಐದು ನಿಮಿಷ ಬಿಡಿ. ಮೆತ್ತಗಾದ ಮೇಲೆ ಚಿವುಟಿದ ಹಾಗೆ ಎತ್ತಿ ತೆಗೆಯಿರಿ. ನನ್ನ ಕಾರಿನ ಬಾಗಿಲಿನ ಜೇಬಿನಲ್ಲಿ ಒಂದು ಸಣ್ಣ ಸ್ಪ್ರೇ ಬಾಟಲಿ ನೀರು, ಒಂದು ಸ್ವಚ್ಛ ಬಟ್ಟೆ ಇದಕ್ಕೆಂದೇ ಇರುತ್ತದೆ. ಹೊಸದಾಗಿ ಡಾಂಬರು ಹಾಕಿದ ರಸ್ತೆಯಲ್ಲಿ ಹೋಗಿ ಬಾಗಿಲಿನ ಕೆಳಗೆ ಕಪ್ಪು ಚುಕ್ಕೆಗಳಾದರೆ ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಒರೆಸಿದರೆ ಸಾಕು, ಆಮೇಲೆ ಶಾಂಪೂ.

ಈಗ ಕೋಟಿಂಗ್ ವಿಷಯಕ್ಕೆ ಬರುತ್ತೇನೆ. ಡೆಲಿವರಿ ದಿನ ಶೋರೂಮಿನಲ್ಲಿ ಒಂದು ಕಾಗದ ಮುಂದಿಡುತ್ತಾರೆ. ಟೆಫ್ಲಾನ್ ಕೋಟಿಂಗ್, ಆಂಟಿ ರಸ್ಟ್, ಇಂಟೀರಿಯರ್ ಟ್ರೀಟ್‌ಮೆಂಟ್, ಒಟ್ಟಿಗೆ ಇಷ್ಟು ಸಾವಿರ. ಅಷ್ಟು ಲಕ್ಷ ಕೊಟ್ಟಾಗಿದೆ, ಇದಕ್ಕೆ ಯಾಕೆ ಹಿಂದೆಮುಂದೆ ನೋಡುವುದು ಅಂತ ಆ ಖುಷಿಯ ಹೊತ್ತಿನಲ್ಲಿ ಸಹಿ ಹಾಕಿಬಿಡುತ್ತೇವೆ. ಟೆಫ್ಲಾನ್ ಅಂದರೆ ಪಿಟಿಎಫ್‌ಇ ಅನ್ನುವ ಪ್ಲಾಸ್ಟಿಕ್. 1938ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ ಅದನ್ನು ಕಂಡುಹಿಡಿದರು. ಅದು ಕರಗುವುದೇ 327 ಡಿಗ್ರಿಗೆ. ದೋಸೆ ಕಾವಲಿಯ ಮೇಲೆ ಅದನ್ನು ಕೂರಿಸುವುದು ಅದಕ್ಕಿಂತಲೂ ಹೆಚ್ಚಿನ ಶಾಖದಲ್ಲಿ. ಕಾರಿನ ಪೇಂಟಿಗೆ ಆ ಶಾಖ ಕೊಡಲು ಸಾಧ್ಯವೇ ಇಲ್ಲ. ಆದ್ದರಿಂದ ಆ ಹೆಸರಿನಲ್ಲಿ ಹಚ್ಚುವುದು ಹೆಚ್ಚಿನ ಮಟ್ಟಿಗೆ ಒಂದು ಸಾಮಾನ್ಯ ಸೀಲಂಟ್, ಅಂದರೆ ಪೇಂಟಿನ ಮೇಲೆ ಹಚ್ಚುವ ರಕ್ಷಣೆಯ ಲೇಪ, ಕೆಲವು ತಿಂಗಳು ಇರುತ್ತದೆ. ಅದೇ ಥರದ್ದನ್ನು ಅಂಗಡಿಯಲ್ಲಿ ಕೊಂಡು ಒಂದು ಭಾನುವಾರ ಬೆಳಗ್ಗೆ ನಾವೇ ಹಚ್ಚಬಹುದು. ನಾಲ್ಕೈದು ತಿಂಗಳಿಗೊಮ್ಮೆ ಹಚ್ಚಿದರೆ ನೀರು ಜಾರುತ್ತದೆ, ಹಿಕ್ಕೆ ಸುಲಭವಾಗಿ ಬಿಡುತ್ತದೆ.

ಸೆರಾಮಿಕ್ ಕೋಟಿಂಗ್ ಇದಕ್ಕಿಂತ ಗಟ್ಟಿ ಕೆಲಸ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಸಿಲಿಕಾ ಆಧಾರಿತ ದ್ರವ, ಪೇಂಟಿಗೆ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ, ವರ್ಷಗಟ್ಟಲೆ ಇರುತ್ತದೆ. ತೊಳೆಯುವ ಕೆಲಸ ಹಗುರವಾಗುತ್ತದೆ. ಆದರೆ "9ಎಚ್ ಗಡಸುತನ, ಗೀಚು ಬೀಳಲ್ಲ ಸರ್" ಅನ್ನುವ ಮಾತನ್ನು ನಂಬಬೇಡಿ. ಆ 9ಎಚ್ ಅನ್ನುವುದು ಪೆನ್ಸಿಲ್ಲಿನ ಅಳತೆ. 9ಎಚ್ ಪೆನ್ಸಿಲ್ಲಿನಿಂದ ಗೀಚಿದರೆ ಗೆರೆ ಬೀಳುವುದಿಲ್ಲ ಅಂತ ಅದರ ಅರ್ಥ. ವಜ್ರಕ್ಕೆ 10 ಕೊಡುವ ಖನಿಜಗಳ ಅಳತೆ ಬೇರೆಯೇ. ಪದರದ ದಪ್ಪವೂ ಒಂದೆರಡು ಮೈಕ್ರಾನ್ ಅಷ್ಟೇ. ಮರಳು ಮೆತ್ತಿದ ಬನಿಯನ್ ಬಟ್ಟೆಗೆ ಅದು ಲೆಕ್ಕವೇ ಅಲ್ಲ. ಇನ್ನೊಂದು ಎಚ್ಚರಿಕೆ: ಸೆರಾಮಿಕ್ ಹಾಕುವ ಮೊದಲು ಪಾಲಿಶ್ ಮಾಡುತ್ತಾರೆ. ಹೊಸ ಕಾರಿಗೆ ಗಡಸು ಕಾಂಪೌಂಡ್ ಬೇಕಿಲ್ಲ. ಪೇಂಟ್ ದಪ್ಪ ಅಳೆಯುವ ಮೀಟರ್ ಇದೆಯಾ ಅಂತ ಕೇಳಿ. ಇದೆ ಅಂದು, ಪಾಲಿಶಿಗೆ ಮುಂಚೆ ಒಂದು ಸಲ, ಆಮೇಲೆ ಒಂದು ಸಲ ಅಳೆದು ತೋರಿಸುವ ಅಂಗಡಿಯಾದರೆ ಮಾತ್ರ ಕಾರು ಬಿಡಿ.

ಕಲ್ಲು ಸಿಡಿಯುವುದನ್ನು ನಿಜವಾಗಿ ತಡೆಯುವುದು ಪಿಪಿಎಫ್. ಅದು 150-200 ಮೈಕ್ರಾನ್ ದಪ್ಪದ ಪಾರದರ್ಶಕ ಹಾಳೆ, ಪೇಂಟಿನ ಎಲ್ಲ ಪದರಗಳಿಗಿಂತಲೂ ದಪ್ಪ. ಒಳ್ಳೆಯದಾದರೆ ಸಣ್ಣ ಗೆರೆಗಳು ಬಿಸಿಲಿನ ಶಾಖಕ್ಕೆ ತಾನಾಗೇ ಮಾಯವಾಗುತ್ತವೆ. ಇಡೀ ಕಾರಿಗೆ ಹಾಕಿಸಿದರೆ ಖರ್ಚು ಲಕ್ಷ ಮುಟ್ಟಬಹುದು. ಹೆದ್ದಾರಿಯಲ್ಲಿ ಜಾಸ್ತಿ ಓಡಾಡುವವರು ಮುಂದಿನ ಬಂಪರ್, ಬಾನೆಟ್ಟಿನ ತುದಿ, ಕನ್ನಡಿ, ಬಾಗಿಲಿನ ಹಿಡಿಯ ಹಿಂದಿನ ಗುಂಡಿ, ಇಷ್ಟಕ್ಕೆ ಹಾಕಿಸಿದರೆ ಸಾಕು ಅಂತ ನನ್ನ ಅನಿಸಿಕೆ. ಬಾಗಿಲಿನ ಹಿಡಿಯ ಹಿಂದೆ ಉಗುರು, ಉಂಗುರ ತಾಗಿ ಎಷ್ಟು ಗೆರೆ ಬಿದ್ದಿರುತ್ತವೆ ಅಂತ ನಿಮ್ಮ ಕಾರಿನಲ್ಲೇ ನೋಡಿ.

ಕಾರಿನ ಅಡಿಗೆ ಹೊಡೆಯುವ ಆಂಟಿ ರಸ್ಟ್ ಬೇಕೋ ಬೇಡವೋ ಅನ್ನುವುದು ನೀವು ಎಲ್ಲಿದ್ದೀರಿ ಅನ್ನುವುದರ ಮೇಲೆ. ಕಾರವಾರ, ಉಡುಪಿ, ಮಂಗಳೂರು ಕಡೆ ಉಪ್ಪು ಗಾಳಿ, ವರ್ಷದ ನಾಲ್ಕು ತಿಂಗಳು ಮಳೆ. ಅಲ್ಲಿ ಹಾಕಿಸುವುದಕ್ಕೆ ಅರ್ಥವಿದೆ. ಮಂಗಳೂರಿನಲ್ಲಿರುವ ನಮ್ಮ ಭಾವ ಬೀಚಿಗೆ ಹೋಗಿ ಬಂದ ದಿನ ಮೇಲೆ ತೊಳೆಯದಿದ್ದರೂ ಅಡಿಗೆ ಮಾತ್ರ ಸಿಹಿನೀರು ಹೊಡೆಯದೆ ಬಿಡುವುದಿಲ್ಲ. ಕಲಬುರಗಿಯ ಒಣ ಹವೆಯಲ್ಲಿ ಅಷ್ಟು ಅವಸರ ಇಲ್ಲ. ಹೊಡೆಸುವುದಾದರೆ ಪಕ್ಕದಲ್ಲಿ ನಿಂತು ಹೊಡೆಸಿ. ಬಾಗಿಲು ಮತ್ತು ಚಾಸಿಯ ಕೆಳಗೆ ನೀರು ಸೋರಲು ಸಣ್ಣ ತೂತುಗಳಿರುತ್ತವೆ. ಅವು ಮುಚ್ಚಿಹೋದರೆ ನೀರು ಒಳಗೇ ನಿಂತು ತುಕ್ಕು ಒಳಗಿನಿಂದ ಶುರುವಾಗುತ್ತದೆ.

ಒಳಗಿನ ಮಾತಿಗೆ ಬಂದರೆ, ಡೆಲಿವರಿ ಆದ ದಿನವೇ ಸೀಟಿನ ಪ್ಲಾಸ್ಟಿಕ್ ಕಿತ್ತುಹಾಕಿ. ಸೀಟು ಹೊಸದಾಗಿ ಉಳಿಯಲಿ ಅಂತ ವರ್ಷಗಟ್ಟಲೆ ಅದನ್ನು ಬಿಟ್ಟುಕೊಂಡವರಿದ್ದಾರೆ. ಅದರ ಕೆಳಗೆ ಬೆವರು, ತೇವ ಸೇರಿ ಬಟ್ಟೆ ಬೂಷ್ಟು ಹಿಡಿಯುತ್ತದೆ, ಬಿಸಿಲಿಗೆ ಪ್ಲಾಸ್ಟಿಕ್ ಅಂಟಿಕೊಳ್ಳುತ್ತದೆ. ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಮುಂದಿನ ಸೀಟಿನ ಬಾಗಿಲ ಕಡೆಯ ಅಂಚನ್ನು ಮುಟ್ಟಿ ನೋಡಿ, ಪಕ್ಕದ ಏರ್‌ಬ್ಯಾಗ್ ಇರುವ ಕಾರಾದರೆ ಏರ್‌ಬ್ಯಾಗ್ ಅಂತ ಬರೆದ ಒಂದು ಸಣ್ಣ ಪಟ್ಟಿ ಹೊಲಿದಿರುತ್ತಾರೆ. ಅಪಘಾತದಲ್ಲಿ ಪಕ್ಕದ ಏರ್‌ಬ್ಯಾಗ್ ಆ ಹೊಲಿಗೆಯನ್ನು ಹರಿದುಕೊಂಡು ಕಣ್ಣು ಮಿಟುಕಿಸುವುದರೊಳಗೆ ಹೊರಬರಬೇಕು. ದಪ್ಪ ಸೀಟ್ ಕವರ್ ಸುತ್ತಲೂ ಬಿಗಿದು ಹೊಲಿಸಿದರೆ ಅದಕ್ಕೆ ದಾರಿ ಇರುವುದಿಲ್ಲ. ಕವರ್ ಬೇಕೇ ಬೇಕು ಅಂದರೆ ಆ ಜಾಗ ಬಿಟ್ಟು ಹೊಲಿದದ್ದನ್ನೇ ಹಾಕಿಸಿ, ಕಾರಿನ ಕಂಪನಿಯವರದ್ದೇ ಆದರೆ ಇನ್ನೂ ಒಳ್ಳೆಯದು.

ಡ್ಯಾಶ್‌ಬೋರ್ಡಿನ ಗಣಪನಿಗೂ ಇದೇ ಮಾತು. ಎಡಗಡೆ ಸೀಟಿನ ಎದುರಿಗೆ, ಏರ್‌ಬ್ಯಾಗ್ ಮುಚ್ಚಳದ ಮೇಲೆ ಮೂರ್ತಿ ಅಂಟಿಸಬೇಡಿ. ಮುಚ್ಚಳ ತೆರೆದುಕೊಂಡರೆ ಮೂರ್ತಿ ನೇರ ಅಲ್ಲಿ ಕೂತವರ ಮುಖಕ್ಕೆ ಬರುತ್ತದೆ. ನಡುವೆ ಇಡಿ, ಸಣ್ಣದು, ಹಗುರವಾದದ್ದು ಇಡಿ. ನಾವು ಕಾರಿನಲ್ಲಿ ದೇವರನ್ನು ಇಡುವುದೇ ಕೂತವರೆಲ್ಲ ಕ್ಷೇಮವಾಗಿ ಮನೆ ಮುಟ್ಟಲಿ ಅಂತ ಅಲ್ವಾ? ಚಾಲಕನ ಕಾಲಡಿಯ ಮ್ಯಾಟೂ ಹಾಗೇ. ಕಂಪನಿ ಮ್ಯಾಟಿನ ಮೇಲೆ ಇನ್ನೊಂದು ರಬ್ಬರ್ ಮ್ಯಾಟ್ ಹಾಕಬೇಡಿ. ಮುಂದೆ ಜಾರಿ ಆಕ್ಸಿಲರೇಟರಿಗೆ ಸಿಕ್ಕಿಕೊಳ್ಳಬಹುದು. 2009ರಲ್ಲಿ ಅಮೆರಿಕದಲ್ಲಿ ಟೊಯೊಟಾ ಇದೇ ಕಾರಣಕ್ಕೆ ಲಕ್ಷಾಂತರ ಕಾರುಗಳನ್ನು ವಾಪಸ್ ಕರೆಸಿಕೊಳ್ಳಬೇಕಾಯಿತು.

ಬಿಸಿಲು ಒಳಗಿನದ್ದನ್ನೆಲ್ಲ ನಿಧಾನವಾಗಿ ತಿನ್ನುತ್ತದೆ. ಹೊರಗೆ 35 ಡಿಗ್ರಿ ಇದ್ದರೆ ಮುಚ್ಚಿದ ಕಾರಿನೊಳಗೆ ಒಂದು ಗಂಟೆಯಲ್ಲಿ 50 ದಾಟುತ್ತದೆ, ಡ್ಯಾಶ್‌ಬೋರ್ಡ್ ಇನ್ನೂ ಜಾಸ್ತಿ ಕಾಯುತ್ತದೆ. ಗಾಜಿಗೆ ಕಪ್ಪು ಫಿಲ್ಮ್ ಅಂಟಿಸಬಾರದು ಅಂತ 2012ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಕೊಟ್ಟಿದೆ. ನಿಲ್ಲಿಸಿದಾಗ ಮುಂದಿನ ಗಾಜಿಗೆ ಮಡಚುವ ಬೆಳ್ಳಿ ಬಣ್ಣದ ಸನ್‌ಶೇಡ್ ಇಟ್ಟರೆ ಎಷ್ಟೋ ವ್ಯತ್ಯಾಸ ಗೊತ್ತಾಗುತ್ತದೆ. ಡ್ಯಾಶ್‌ಬೋರ್ಡಿಗೆ ಜಿಡ್ಡಾಗಿ ಹೊಳೆಯುವ ಪಾಲಿಶ್ ಹೊಡೆಯಬೇಡಿ, ಅದು ಮುಂದಿನ ಗಾಜಿನಲ್ಲಿ ಪ್ರತಿಫಲಿಸಿ ಕಣ್ಣಿಗೆ ಹೊಡೆಯುತ್ತದೆ, ಧೂಳನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಒದ್ದೆ ಮಾಡಿ ಹಿಂಡಿದ ಮೈಕ್ರೋಫೈಬರ್ ಬಟ್ಟೆಯೇ ಸಾಕು.

ನಮ್ಮ ಮನೆಗಳ ಕಾರಿನಲ್ಲಿ ಆಗುವ ಕಲೆಗಳೇ ಬೇರೆ. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ತಿಳಿ ಬಣ್ಣದ ಹೆಡ್‌ರೆಸ್ಟಿಗೆ ಇಳಿದು ಕಂದು ವೃತ್ತವಾಗುತ್ತದೆ. ಅಲ್ಲಿಗೆ ಒಗೆಯಲು ಬರುವ ಒಂದು ಹತ್ತಿಯ ಹೊದಿಕೆ ಹಾಕಿದರೆ ಆಯಿತು. ಅರಿಶಿನದ ಕಲೆಗೆ ಸೋಪು ಹಚ್ಚಿದ ತಕ್ಷಣ ಕೆಂಪಗಾಗುತ್ತದೆ, ಹೆದರಬೇಡಿ. ತೊಳೆದು ಬಾಗಿಲು ತೆರೆದು ಬಿಸಿಲು ಬೀಳುವ ಹಾಗೆ ನಿಲ್ಲಿಸಿ, ಅರಿಶಿನದ ಬಣ್ಣ ಬಿಸಿಲಿಗೆ ಮಾಸುತ್ತದೆ. ಎಲ್ಲಕ್ಕಿಂತ ಕಷ್ಟದ್ದು ಹಾಲು. ಪ್ಯಾಕೆಟ್ ಒಡೆದು ಕಾರ್ಪೆಟ್ಟಿಗೆ ಇಳಿದರೆ ಕೂಡಲೇ ತಣ್ಣೀರು ಹಾಕಿ ಒತ್ತಿ ಒತ್ತಿ ಹೀರಿಸಬೇಕು. ಬಿಸಿನೀರು ಹಾಕಿದರೆ ಹಾಲಿನ ಪ್ರೋಟೀನ್ ಅಲ್ಲೇ ಗಟ್ಟಿಯಾಗುತ್ತದೆ. ಆಮೇಲೆ ಅಡುಗೆ ಸೋಡಾ ಉದುರಿಸಿ ಒಂದು ರಾತ್ರಿ ಬಿಟ್ಟು ವ್ಯಾಕ್ಯೂಮ್ ಮಾಡಿ. ಮರುದಿನ ನೋಡೋಣ ಅಂತ ಬಿಟ್ಟರೆ ಕಾರ್ಪೆಟ್ ಬಿಚ್ಚಿಯೇ ತೊಳೆಯಬೇಕಾಗುತ್ತದೆ.

ತೀರ್ಥಹಳ್ಳಿ ಕಡೆಯಲ್ಲಿರುವ ಅಕ್ಕನ ಮನೆಯಲ್ಲಿ ಮಳೆಗಾಲ ಅಂದರೆ ಕಾರಿನೊಳಗೆ ಬೂಷ್ಟಿನ ಜೊತೆ ಜಗಳ. ಸ್ಟೀರಿಂಗ್, ಸೀಟ್ ಬೆಲ್ಟ್, ಎಲ್ಲದರ ಮೇಲೂ ಬಿಳಿ ಪುಡಿ. ಒದ್ದೆ ಕೊಡೆ, ಒದ್ದೆ ಮ್ಯಾಟ್ ಒಳಗೆ ಬಿಡದಿರುವುದೇ ಅರ್ಧ ಪರಿಹಾರ. ಮನೆ ಮುಟ್ಟುವ ಕೆಲವು ನಿಮಿಷ ಮೊದಲು ಎ.ಸಿ. ಆಫ್ ಮಾಡಿ ಬರೀ ಫ್ಯಾನ್ ಓಡಿಸಿದರೆ ಒಳಗಿನ ಕಾಯಿಲ್ ಒಣಗುತ್ತದೆ, ಹಳಸಲು ವಾಸನೆ ಬರುವುದಿಲ್ಲ. ವೈಪರಿನ ಬುಡದಲ್ಲಿ ಎಲೆ ಕಟ್ಟಿಕೊಂಡರೆ ನೀರು ಹರಿಯಲು ಜಾಗವಿಲ್ಲದೆ ಒಳಗೆ ಇಳಿಯುತ್ತದೆ, ಅದನ್ನು ಕೈಯಲ್ಲೇ ತೆಗೆಯುತ್ತಿರಬೇಕು. ಇಲಿಗಳಿಗೆ ಅಕ್ಕ ಬಾನೆಟ್ಟಿನ ಒಳಗೆ ಹೊಗೆಸೊಪ್ಪು ಕಟ್ಟುತ್ತಾಳೆ. ವಾಸನೆ ಹೋಗುವವರೆಗೆ ಅದು ಕೆಲಸ ಮಾಡುತ್ತದಂತೆ. ಮಕ್ಕಳು ಸೀಟಿನ ಸಂದಿಗೆ ಉದುರಿಸಿದ ಬಿಸ್ಕತ್ತು, ಕುರುಕಲು ಚೂರು ತೆಗೆಯದಿದ್ದರೆ ಹೊಗೆಸೊಪ್ಪಿನಿಂದ ಏನೂ ಆಗದು. ಇಲಿ ಮೊದಲು ಬರುವುದು ತಿನ್ನಲು, ವೈರ್ ಕಡಿಯುವುದು ಆಮೇಲೆ.

ಹೊಸ ಕಾರಿನ ಪೂಜೆ ಬಗ್ಗೆ ಹೇಳದಿದ್ದರೆ ಇದು ಅಪೂರ್ಣ. ಬೆಂಗಳೂರಿನಲ್ಲಾದರೆ ಮೈಸೂರು ರಸ್ತೆಯ ಗಾಳಿ ಆಂಜನೇಯನ ಮುಂದೆ ಹೊಸ ಗಾಡಿಗಳ ಸಾಲು ನೋಡಿಯೇ ಇರುತ್ತೀರಿ. ಆಯುಧಪೂಜೆಯ ದಿನ ಅಂತೂ ಪ್ರತಿ ಬೀದಿಯೂ ಗುಡಿಯೇ. ಪೂಜೆ ಮನಸ್ಸು ತುಂಬಿ ಮಾಡಿ, ಪೇಂಟನ್ನೂ ಉಳಿಸಿಕೊಳ್ಳಬಹುದು. ಅಂಗಡಿಯ ಕುಂಕುಮದಲ್ಲಿ ಬಣ್ಣ ಬೆರೆಸಿರುವುದುಂಟು. ನೀರಿನಲ್ಲಿ ಕಲಸಿ ಬಿಳಿ ಬಾನೆಟ್ಟಿಗೆ ಇಟ್ಟು ವಾರ ಬಿಟ್ಟರೆ ಗುಲಾಬಿ ಗುರುತು ಉಳಿಯುತ್ತದೆ. ಬೊಟ್ಟನ್ನು ಮುಂದಿನ ಗಾಜಿನ ಮೂಲೆಗೆ ಇಡಿ, ಗಾಜಿಗೆ ಏನೂ ಆಗುವುದಿಲ್ಲ. ಬಾನೆಟ್ಟಿಗೇ ಇಡಬೇಕು ಅಂತ ಮನೆಯ ಹಿರಿಯರು ಹೇಳಿದರೆ ಇಡಿ, ಮರುದಿನ ಬೆಳಗ್ಗೆ ನೀರು ಹಾಕಿ ನೆನೆಸಿ ತೆಗೆಯಿರಿ. ಹಾರವನ್ನು ತಂತಿಯಲ್ಲಿ ಕಟ್ಟಿದ್ದು ಬೇಡ, ದಾರದಲ್ಲಿ ಕಟ್ಟಿದ್ದು ತೆಗೆದುಕೊಳ್ಳಿ. ಓಡುವಾಗ ಗಾಳಿಗೆ ತಂತಿಯ ತುದಿ ಬಂಪರನ್ನು ಗೀಚುತ್ತಲೇ ಇರುತ್ತದೆ. ಬಾಳೆಕಂದನ್ನು ಕಟ್ಟುವ ಕಡೆ ಕೆಳಗೆ ಒಂದು ಮೆತ್ತನೆಯ ಬಟ್ಟೆ ಇಡಿ, ಬಾಳೆಯ ರಸದ ಕಲೆ ಬಲು ಮೊಂಡು.

ಮತ್ತೆ ಬೂದುಗುಂಬಳಕಾಯಿ. ಅದನ್ನು ನಡುರಸ್ತೆಯಲ್ಲಿ ಒಡೆಯಬೇಡಿ, ಬದಿಗೆ ಒಡೆಯಿರಿ, ಪೂಜೆ ಮುಗಿದ ಮೇಲೆ ಚೂರುಗಳನ್ನು ನೀವೇ ಗುಡಿಸಿ ಒಂದು ಚೀಲಕ್ಕೆ ಹಾಕಿ. ನಿಮ್ಮ ಹೊಸ ಕಾರಿನ ಟೈರು ಅದರ ಮೇಲೆ ಸಲೀಸಾಗಿ ಹೋಗುತ್ತದೆ. ಹಿಂದೆ ಬರುವ ಸ್ಕೂಟರಿನವರು ಜಾರಿ ಬೀಳುತ್ತಾರೆ.